ಭಾನುವಾರದ ಚರ್ಚೆಯ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಮಡಿಕೇರಿಯಲ್ಲಿ, ಎಂದಿನ ಸ್ಥಳದಲ್ಲೇ, ರಾಜಕೀಯ ಮತ್ತು ಆರ್ಥಿಕ ತಲ್ಲಣಗಳು ಬೌದ್ಧ ಹಾಗೂ ಹಿಂದೂ ರಾಷ್ಟ್ರವಾದಗಳನ್ನು ರೂಪಿಸಿದ ಬಗೆಯನ್ನು ಕುರಿತು ಚರ್ಚೆ ನಡೆಯಲಿದೆ. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲಕುಪ್ಪೆಯ ಟಿಬೆಟನ್ ಬೌದ್ಧ ಭಿಕ್ಷುಗಳನ್ನಷ್ಟೇ ಕಂಡಿರುವ ನಮಗೆ, ಬೌದ್ಧ ಧರ್ಮದ ಹೆಸರಿನಲ್ಲೂ ಉಗ್ರ ರಾಷ್ಟ್ರವಾದ ಬೆಳೆದೀತೆಂಬುದು ವಿಚಿತ್ರವೆನಿಸಬಹುದು. ಆದರೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಭತ್ತದ ಬೆಲೆ ಬಿದ್ದು, ಬೌದ್ಧರೇ ಹೆಚ್ಚಾಗಿರುವ ಬರ್ಮಾದ (ಇಂದಿನ ಮ್ಯಾನ್ಮಾರ್) ರೈತರ ಅಪಾರ ಜಮೀನು, ಸಾಲ ಕೊಟ್ಟಿದ್ದ ಚೆಟ್ಟಿಯಾರರ (ತಮಿಳು ಹಿಂದೂ ಲೇವಾದೇವಿಗಾರರು) ಕೈಸೇರಿದಾಗ ಭಾರತೀಯರ ವಿರುದ್ಧ ಮಡುಗಟ್ಟಿದ ಸಿಟ್ಟು, 1938ರ ಗಲಭೆಗಳಲ್ಲಿ ಮುಸ್ಲಿಮರ ಮೇಲೆ ತಿರುಗಿತು. ಸಾಲ ಕೊಟ್ಟವರು ಒಬ್ಬರು, ಪೆಟ್ಟು ತಿಂದವರು ಇನ್ನೊಬ್ಬರು. ಚರ್ಚೆ ಇಲ್ಲಿಂದಲೇ ಆರಂಭವಾಗಲಿ ಎಂಬುದು ನನ್ನ ಅಪೇಕ್ಷೆ.

ಶ್ರೀಲಂಕಾದಲ್ಲಿ, ಇಸ್ಲಾಮಿಕ್ ಉಗ್ರರು ನಡೆಸಿದ 2019ರ ಈಸ್ಟರ್ ಸ್ಫೋಟಗಳ ಬಳಿಕ ಬಹುಸಂಖ್ಯಾತ ಸಿಂಹಳ ಬೌದ್ಧರ ಬೆಂಬಲದಿಂದ ಅಧ್ಯಕ್ಷ ಚುನಾವಣೆ ಗೆದ್ದ ಗೋಟಬಯ ರಾಜಪಕ್ಸ ಅವರು, 2022ರಲ್ಲಿ ಇಂಧನವೂ ಔಷಧವೂ ಸಿಗದೆ ಜನ ಬೀದಿಗಿಳಿದಾಗ ದೇಶ ಬಿಟ್ಟು ಹೋದರು. ಅಂದರೆ ಸಂಕಷ್ಟವು ಇಂಥ ರಾಜಕೀಯವನ್ನು ಕೆಡವಲೂಬಹುದು. ನಮ್ಮಲ್ಲಿ 1990ರ ಮಂಡಲ್ ವಿವಾದ (ಹಿಂದುಳಿದ ವರ್ಗಗಳ ಮೀಸಲಾತಿಯದು) ಮತ್ತು ರಾಮಮಂದಿರಕ್ಕಾಗಿ ಅಡ್ವಾಣಿ ಅವರ ರಥಯಾತ್ರೆ, 1991ರ ವಿದೇಶಿ ವಿನಿಮಯದ ಬಿಕ್ಕಟ್ಟು, 1992ರ ಬಾಬರಿ ಮಸೀದಿ ಧ್ವಂಸ ಒಂದರ ಹಿಂದೊಂದು ಬಂದವಾದರೂ, ಒಂದು ಇನ್ನೊಂದಕ್ಕೆ ಕಾರಣವೆಂದು ಅವಸರದಲ್ಲಿ ಹೇಳಲಾಗದು.

ಮಾತನಾಡಲಿಚ್ಛಿಸುವವರು ಶುಕ್ರವಾರದೊಳಗೆ ತಿಳಿಸಬೇಕು. ಈ ವಿಷಯದ ಫಾರ್ವರ್ಡ್ ವಿಡಿಯೊಗಳನ್ನು ಗುಂಪಿನಲ್ಲಿ ಹಾಕಬಾರದು.