ಗಾಲ್ಫ್‌ನಲ್ಲಿ ಡ್ರೈವ್ (ಉದ್ದದ ಹೊಡೆತ) ಇನ್ನೂ ದೂರ ಹೋಗಬೇಕು ಅನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಡ್ರೈವರ್‌ನಲ್ಲಿ (ಉದ್ದ ಹೊಡೆತಕ್ಕೆ ಬಳಸುವ ಗಾಲ್ಫ್ ಕೋಲು, ಅಂದರೆ ಕ್ಲಬ್) ಇನ್ನೊಂದು 20 ಗಜ ಬೇಕು ಅಂತ ಬಹಳ ಜನ ಕೇಳುತ್ತಿದ್ದೀರಿ. ದಯವಿಟ್ಟು ಸುಮ್ನೆ ತೋಳಿಗಷ್ಟೇ ಡಂಬೆಲ್ ಎತ್ತುತ್ತಾ ಕೂರಬೇಡಿ. ಹೊಡೆತದ ಬಲ ಶುರುವಾಗುವುದು ಪಾದದಿಂದ, ನೆಲ ಒತ್ತಿದ ಬಲ ತೊಡೆ, ಸೊಂಟ, ಎದೆ ಎಲ್ಲ ದಾಟಿ ಕೊನೆಗೆ ಕೈಗೆ ಬಂದು ಕ್ಲಬ್ಬಿಗೆ ಸೇರುತ್ತದೆ, ಮಧ್ಯೆ ಸೊಂಟ ಬಿಗಿಯಾಗಿದ್ದರೆ ಅರ್ಧ ಅಲ್ಲೇ ಸೋರಿಹೋಗುತ್ತದೆ.

ಸ್ಕ್ವಾಟ್ (ಕುಳಿತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ವಾರಕ್ಕೆ ಎರಡು ಸಲ ಸಾಕು. ಮುಖ್ಯವಾದದ್ದು ಮೆಡಿಸಿನ್ ಬಾಲ್, ಅಂದರೆ ವ್ಯಾಯಾಮದ ಭಾರದ ಚೆಂಡು. ಗೋಡೆಗೆ ಪಕ್ಕವಾಗಿ ನಿಂತು, ಸೊಂಟ ಮೊದಲು ತಿರುಗಿಸಿ, ಜೋರಾಗಿ ಎಸೆಯಿರಿ. 2-3 ಕೆಜಿ ಸಾಕು, ಭಾರ ಜಾಸ್ತಿಯಾದರೆ ವೇಗ ಬೀಳುತ್ತದೆ. ಒಂದು ಬದಿಗೆ 5-6 ಎಸೆತ, ಆಮೇಲೆ ಒಂದೆರಡು ನಿಮಿಷ ಸುಧಾರಿಸಿಕೊಳ್ಳಿ. ಏದುಸಿರು ಬಿಡುತ್ತಾ ಎಸೆದರೆ ಅದು ವೇಗದ ಅಭ್ಯಾಸ ಆಗಲ್ಲ. ಇನ್ನೊಂದು ಬದಿಗೂ ಅಷ್ಟೇ ಎಸೆಯಬೇಕು, ಎಲ್ಲರೂ ಮರೆಯುವುದು ಇದನ್ನೇ.

ಬೆನ್ನು ನೋವಿರುವವರು ಮೊದಲು ಫಿಸಿಯೋಗೆ ತೋರಿಸಿ. ಪಂದ್ಯದ ಹಿಂದಿನ ದಿನ ಡೆಡ್‌ಲಿಫ್ಟ್ ಬೇಡ.

ಅಂದಹಾಗೆ, ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದದ್ದು ಉದ್ದದ ಡ್ರೈವ್‌ಗಳಿಂದ ಅಲ್ಲ, ಪಟಿಂಗ್‌ನಿಂದ, ಅಂದರೆ ಚೆಂಡನ್ನು ಗುಳಿಯತ್ತ ಮೆಲ್ಲಗೆ ಉರುಳಿಸುವುದರಿಂದ. ಅದಕ್ಕೆ ಬಳಸುವ ಕ್ಲಬ್ಬಾದ ಪಟ್ಟರ್ ಮೂಲೆಗೆ ಹಾಕಬೇಡಿ, ಅಲ್ವಾ?

ಮೆಡಿಸಿನ್ ಬಾಲ್ ಇರುವವರು ಭಾನುವಾರ ರೇಂಜ್‌ಗೆ (ಹೊಡೆತ ಅಭ್ಯಾಸದ ಮೈದಾನಕ್ಕೆ) ತನ್ನಿ.