ಈಸ್ಟ್ ಈಲಿಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಸೋಮವಾರ ಅಮೆರಿಕದ ನೆವಾಡಾಕ್ಕೆ, ಈಸ್ಟ್ ಈಲಿಯ ಹಬೆ ಇಂಜಿನ್ನುಗಳ ಕೆಲಸಕ್ಕೆ, ಹೊರಡುತ್ತಿದ್ದೀಯ ಎಂದು ಅಮ್ಮ ಹೇಳಿದಳು. ಆಫೀಸು ಬಿಟ್ಟು ಇಂಜಿನ್ ಶೆಡ್ ಸೇರುವ ವಿಚಾರವಾಗಿ ಫೋನಿನಲ್ಲಿ ಆದ ಮಾತು ಇಲ್ಲಿ ಮತ್ತೆ ಬೇಡ. ನಿನಗೂ ನೆನಪಿದೆ, ನನಗೂ ನೆನಪಿದೆ.

ನೀನು ಹೋಗುತ್ತಿರುವ ಜಾಗ ಸಾಮಾನ್ಯದ್ದಲ್ಲ. ರೂತ್ ಗಣಿಯ ತಾಮ್ರದ ಅದಿರು ಮೆಕ್‌ಗಿಲ್ ಕುಲುಮೆಗೆ ಹೋಗುತ್ತಿದ್ದದ್ದು ಅಲ್ಲಿನ ನೆವಾಡಾ ನಾರ್ದರ್ನ್ ರೈಲ್ವೆ ಲೈನಿನಲ್ಲಿ. ಈಸ್ಟ್ ಈಲಿಯ ಕಲ್ಲಿನ ಡಿಪೋ 1907ರದು. ಡೀಸೆಲ್ ಬಂದಾಗ ಬೇರೆ ಊರುಗಳಲ್ಲಿ ಕೆಡವಿಹಾಕಿದ ಕಲ್ಲಿದ್ದಲ ಗೋಪುರ, ನೀರಿನ ಟ್ಯಾಂಕು, ಮಷಿನ್ ಶಾಪು ಅಲ್ಲಿ ಇದ್ದಲ್ಲೇ ಇವೆ. 2006ರಲ್ಲಿ ಇಡೀ ಯಾರ್ಡನ್ನೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1910ರ ಬಾಲ್ಡ್‌ವಿನ್ 40ನೇ ನಂಬರಿನ ಇಂಜಿನ್ನಿಗೆ ನನ್ನ ಮಗಳು ಸ್ಪ್ಯಾನರ್ ಹಾಕುತ್ತಾಳೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೆ ಬಾಯ್ಲರ್ ಫಿಟ್ಟರನ ಮಗಳು ನೀನು, ನೀರಿನ ಮಾತು ಆಡದೆ ಬಿಡಲಾರೆ. ಬಾಯ್ಲರಿನೊಳಗೆ ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸಿನ ಚಾವಣಿಯೇ ಕ್ರೌನ್ ಶೀಟು. ಕೆಳಗೆ ಬೆಂಕಿ, ಮೇಲೆ ನೀರು. ನೀರು ಇರುವವರೆಗೆ ಆ ಶಾಖವನ್ನು ಅದೇ ಎಳೆದುಕೊಳ್ಳುತ್ತದೆ. ನೀರು ಇಳಿದು ತಗಡು ಬರಿದಾದರೆ ಕೆಲವೇ ನಿಮಿಷದಲ್ಲಿ ಉಕ್ಕು ಕೆಂಪಗಾಗಿ ಮೆತ್ತಗಾಗುತ್ತದೆ, ಅದನ್ನು ಹಿಡಿದಿಟ್ಟ ಸ್ಟೇ ಬೋಲ್ಟಿನ ತಲೆಯಿಂದ ಕಳಚಿ ಕೆಳಕ್ಕೆ ಬಾಗುತ್ತದೆ. 1995ರ ಜೂನಿನಲ್ಲಿ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಹತ್ತಿರ ಒಂದು ಹಬೆ ಇಂಜಿನ್ನಿಗೆ ಆದದ್ದು ಇದೇ. ಕ್ಯಾಬಿನಲ್ಲಿದ್ದ ಮೂವರಿಗೂ ಸುಟ್ಟ ಗಾಯ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ದಾರಿ ಕಟ್ಟಿಕೊಂಡು, ಗ್ಲಾಸು ಒಳಗಿನ ನಿಜ ಹೇಳುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಗ್ಲಾಸಿನಲ್ಲಿ ನೀರು ಕಂಡಿತು ಎಂದು ಸುಮ್ಮನಾಗಬೇಡ. ಗಾಡಿ ಓಡುವಾಗ ಆ ನೀರು ಕುಣಿಯುತ್ತಿರಬೇಕು. ಅಲುಗಾಡದೆ ನಿಂತ ನೀರನ್ನು ನಂಬಬಾರದು. ಇಂಜಿನ್ ಓಡಿಸುವ ಪ್ರತಿ ದಿನದ ಶುರುವಿನಲ್ಲಿ ಗ್ಲಾಸು ಊದಿಸಬೇಕು, ಅಂದರೆ ಒತ್ತಡದಿಂದ ಅದರ ದಾರಿ ತೊಳೆದು ನೋಡಬೇಕು, ಎಂದು ಅಲ್ಲಿನ ಕಾನೂನೇ ಇದೆ. ಗ್ಲಾಸಿನ ಮೇಲಿನ ಕಾಕ್, ಅಂದರೆ ಹಬೆಯ ಕಡೆಯ ನಲ್ಲಿ, ಮುಚ್ಚಿ, ನೀರು ಹೊರಬಿಡುವ ಡ್ರೈನ್ ತೆರೆ, ಕೆಳಗಿನ ದಾರಿಯಿಂದ ನೀರು ಜೋರಾಗಿ ಬರಬೇಕು. ಆಮೇಲೆ ಕೆಳಗಿನದು ಮುಚ್ಚಿ ಮೇಲಿನದು ತೆರೆ, ಹಬೆ ನುಗ್ಗಬೇಕು. ಡ್ರೈನ್ ಮುಚ್ಚಿ ಎರಡೂ ಕಾಕ್ ತೆರೆದ ಕೂಡಲೇ ನೀರು ಸರ್ರನೆ ಏರಬೇಕು. ನಿಧಾನಕ್ಕೆ ತೆವಳಿಕೊಂಡು ಬಂದರೆ ದಾರಿಯಲ್ಲಿ ಚಕ್ಕೆಯೋ ಕೆಸರೋ ಇದೆ ಎಂದರ್ಥ. ಆ ಇಂಜಿನ್ ಶೆಡ್ಡಿನಿಂದ ಹೊರಗೆ ಬರಬಾರದು, ಯಾರು ಅವಸರ ಮಾಡಿದರೂ ಸರಿ. ಎರಡು ಗ್ಲಾಸನ್ನೂ ಊದಿಸು, ಎರಡೂ ಒಂದೇ ಮಟ್ಟ ತೋರಿಸುತ್ತವೆಯೇ ನೋಡು.

ಗ್ಲಾಸಿನಲ್ಲಿ ಕಾಣುವ ಅತಿ ಕೆಳಗಿನ ಮಟ್ಟ ಕ್ರೌನ್ ಶೀಟಿನ ಅತಿ ಎತ್ತರದ ಜಾಗಕ್ಕಿಂತ ಕನಿಷ್ಠ 3 ಇಂಚು ಮೇಲಿರಬೇಕು. ಆ 3 ಇಂಚು ಸಮತಟ್ಟಿನ ಲೆಕ್ಕ. ರೂತ್ ಕಡೆಗೆ ಏರು ದಾರಿ. ಇಂಜಿನ್ ಮುಂದುಮುಖವಾಗಿ ಏರುವಾಗ ನೀರು ಫೈರ್‌ಬಾಕ್ಸಿನ ಕಡೆ ಸರಿದು ಗ್ಲಾಸು ತುಂಬಿದಂತೆ ಕಾಣುತ್ತದೆ. ಏರು ಮುಗಿದು ಮೂತಿ ತಗ್ಗಿದ ಕ್ಷಣ ನೀರು ಮುಂದಕ್ಕೆ ಓಡಿ ಕ್ರೌನ್ ಶೀಟಿನ ಹಿಂಬದಿ ಬರಿದಾಗಬಹುದು. ಏರಿನ ತುದಿಗೆ ಮುಂಚೆಯೇ ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಹಾಕಿಕೊಂಡಿರಬೇಕು. ಹಾಗೂ ಗ್ಲಾಸಿನಲ್ಲಿ ನೀರು ಕಾಣದೇ ಹೋದರೆ ಗಾಬರಿಯಲ್ಲಿ ತಣ್ಣೀರು ನುಗ್ಗಿಸಬೇಡ, ಬೆಂಕಿ ಕೆಡಿಸಿಬಿಡು.

ಉಪದೇಶ ಉದ್ದವಾಯಿತು, ಬೇಸರ ಮಾಡಿಕೊಳ್ಳಬೇಡ. ಇನ್ನೊಂದೇ ಮಾತು. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬೆಂಕಿ ಇಲ್ಲದೆ ನಿಂತ ಇಂಜಿನ್ನಿನ ಇಂಜೆಕ್ಟರ್, ಪೈಪು, ಗ್ಲಾಸಿನ ಕಾಕು, ಎಲ್ಲದರ ನೀರು ಇಳಿಸಿಬಿಡು. ಒಳಗೆ ಉಳಿದ ನೀರು ಎರಕದ ಕಬ್ಬಿಣವನ್ನೂ ಸೀಳುತ್ತದೆ. ನಿನಗೂ ಉಣ್ಣೆಯ ಒಳಂಗಿ ಎರಡು ಇರಲಿ. ನೈಲಾನ್ ಹಾಕಿಕೊಂಡು ಬೆಂಕಿಯ ಬಾಗಿಲ ಹತ್ತಿರ ಹೋಗಬೇಡ, ಮೈಗೆ ಅಂಟಿ ಕರಗುತ್ತದೆ.

ನಮ್ಮ ಇಂಜಿನ್ನುಗಳಲ್ಲಿ ಕ್ರೌನ್ ಶೀಟಿಗೆ, ನೀರು ಇಳಿದರೆ ಕರಗಿ ಎಚ್ಚರಿಸುವ ಲೆಡ್ ಪ್ಲಗ್ ಇರುತ್ತಿತ್ತು. ಅಲ್ಲಿ ಅದು ಕಡ್ಡಾಯವಲ್ಲ. ಇದ್ದರೆ ಬಾಯ್ಲರ್ ತೊಳೆಯುವ ಪ್ರತಿ ವಾಷ್‌ಔಟಿನಲ್ಲೂ ಬಿಚ್ಚಿ ತೊಳೆಯಬೇಕು. 40ಕ್ಕೆ ಇದೆಯೋ ಇಲ್ಲವೋ ನೋಡಿ ಬರೆ.

ನಿನ್ನ
ಅಪ್ಪ