ಡಿಸೆಂಬರ್ 9ರೊಳಗೆ: ಮಗಳಿಗೊಂದು ಪತ್ರ

ಶಿರಸಿ,
ನವೆಂಬರ್ 3

ಪ್ರೀತಿಯ ಮಗಳಿಗೆ ಆಯಿಯ ಆಶೀರ್ವಾದಗಳು.

ದೀಪಾವಳಿಗೆ ಬಂದಿದ್ದಾಗ ಬೈಕಿನ ಲೈಸೆನ್ಸ್ ಪರೀಕ್ಷೆಯ ಮಾತು ಎತ್ತಿದಾಗಲೆಲ್ಲ ನೀನು ‘ಮುಂದಿನ ತಿಂಗಳು ನೋಡೋಣ’ ಎಂದೆ. ಫೋನಿನಲ್ಲಿ ಹೇಳಲು ಹೊರಟರೆ ಊಟ, ಆರೋಗ್ಯ, ಅಜ್ಜಿಯ ಮಂಡಿನೋವು ಎಂದು ಮಾತು ಬೇರೆ ಕಡೆಗೆ ಹೋಗಿಬಿಡುತ್ತದೆ. ಆದ್ದರಿಂದ ನೀನು ಪುರುಸೊತ್ತಿನಲ್ಲಿ ಕುಳಿತು ಓದಲಿ ಎಂದು ಬರೆಯುತ್ತಿದ್ದೇನೆ.

ನಿನಗೆ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಸಿಕ್ಕಿದ್ದು ಜೂನ್ 10ರಂದು. ಕಾನೂನಿನ ಪ್ರಕಾರ ಅದರ ಆಯುಷ್ಯ ಆರು ತಿಂಗಳು, ಅಂದರೆ ಡಿಸೆಂಬರ್ 9ರವರೆಗೆ. ಆರು ತಿಂಗಳು ಎಂದಾಗ ಬೇಕಾದಷ್ಟು ಸಮಯವಿದೆ ಎನ್ನಿಸುವುದು ಸಹಜ. ಆದರೆ ಮೊದಲ 30 ದಿನ ಪರೀಕ್ಷೆಗೆ ಹೋಗಲು ಅವಕಾಶವೇ ಇರಲಿಲ್ಲ. ಆಮೇಲೆ ಜುಲೈ, ಆಗಸ್ಟ್ ತಿಂಗಳುಗಳನ್ನು ನಮ್ಮ ಘಟ್ಟದ ಮಳೆ ತಿಂದುಹಾಕಿತು. ಪಾಚಿ ಕಟ್ಟಿದ ರಸ್ತೆಯಲ್ಲಿ ಕಲಿಯುವುದು ಬೇಡವೆಂದು ಅಪ್ಪ ಬೈಕಿನ ಕೀಲಿಯನ್ನು ಎತ್ತಿಟ್ಟಿದ್ದು ಸರಿಯಾಗಿಯೇ ಇತ್ತು. ಈಗ ಉಳಿದಿರುವುದು ಐದು ವಾರ. ಅದರಲ್ಲಿ ಪರೀಕ್ಷೆಯ ಸ್ಲಾಟ್ ಸಿಗುವುದಕ್ಕೆ ಕೆಲವು ದಿನ ಬೇಕು, ಮೊದಲ ಸಲ ಪಾಸಾಗದಿದ್ದರೆ ಮತ್ತೆ ಪರೀಕ್ಷೆಗೆ ನಿಲ್ಲಲು ಏಳು ದಿನ ಕಾಯಬೇಕು. ಹೀಗೆ ಕಳೆಯುತ್ತ ಬಂದರೆ, ನವೆಂಬರ್ ಮೂರನೆಯ ವಾರದಲ್ಲಿ ಮೊದಲ ಪ್ರಯತ್ನ ಮಾಡಿದವರಿಗೆ ಮಾತ್ರ ಎರಡನೆಯ ಪ್ರಯತ್ನಕ್ಕೆ ಧೈರ್ಯವಾಗಿ ಹೋಗುವಷ್ಟು ಜಾಗ ಉಳಿಯುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಹೋದವರು ಒಂದೇ ಸಲಕ್ಕೆ ಪಾಸಾಗಲೇಬೇಕು, ಆ ಆತಂಕದಲ್ಲಿಯೇ ಕಾಲು ನೆಲಕ್ಕೆ ತಾಗಿ ಫೇಲಾಗುತ್ತಾರೆ.

ಅವಧಿ ಮುಗಿದರೆ ಮತ್ತೊಂದು ಎಲ್‌ಎಲ್‌ಆರ್ ಮಾಡಿಸಿದರಾಯಿತು ಎಂದು ನೀನು ಹೇಳಿದೆ. ಮಾಡಿಸಬಹುದು, ನಿಜ. ಮತ್ತೆ ಅರ್ಜಿ, ಮತ್ತೆ ಶುಲ್ಕ, ಸಂಚಾರ ಚಿಹ್ನೆಗಳ ಮೇಲಿನ ಆ ಪರೀಕ್ಷೆ ಮತ್ತೊಮ್ಮೆ, ಆಮೇಲೆ ಮತ್ತೆ 30 ದಿನ ಕಾಯುವುದು. ಇವೆಲ್ಲ ತೊಂದರೆಗಳೇ ಹೊರತು ಅಪಾಯಗಳಲ್ಲ. ನನ್ನ ಹೆದರಿಕೆ ಇರುವುದು ನಡುವಿನ ದಿನಗಳ ಬಗ್ಗೆ. ಎಲ್‌ಎಲ್‌ಆರ್ ಮುಗಿದ ಮರುದಿನ ಗಾಡಿ ಮುಟ್ಟದೆ ಇದ್ದವರನ್ನು ನಾನು ಈವರೆಗೆ ಕಂಡಿಲ್ಲ. ಆರು ತಿಂಗಳು ಓಡಿಸಿ ಕೈ ಪಳಗಿರುತ್ತದೆ, ದಾರಿಯಲ್ಲಿ ಯಾರೂ ತಡೆದು ಕೇಳಿರುವುದಿಲ್ಲ, ಕೆಲಸಕ್ಕೆ ಹೋಗಲೇಬೇಕಾಗಿರುತ್ತದೆ. ಹಾಗಾಗಿ ಒಂದು ವಾರ, ಎರಡು ವಾರ ಎನ್ನುತ್ತ ಲೈಸೆನ್ಸ್ ಇಲ್ಲದೆ ಓಡಿಸುವುದೇ ಅಭ್ಯಾಸವಾಗಿಬಿಡುತ್ತದೆ.

ಆ ದಿನಗಳಲ್ಲಿ ಏನಾದರೂ ಆದರೆ ಏನು ಗತಿ ಎಂಬುದನ್ನು ನೀನು ತಿಳಿದಿರಬೇಕು. 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ, ಕಲಿಕಾ ಲೈಸೆನ್ಸ್ ಕೂಡ ಲೈಸೆನ್ಸೇ, ಅದನ್ನು ಹೊಂದಿದವರಿಂದ ಅಪಘಾತವಾದರೆ ಪೆಟ್ಟು ತಿಂದ ಮೂರನೆಯವರಿಗೆ ಪರಿಹಾರ ಕೊಡುವ ಹೊಣೆಯಿಂದ ವಿಮಾ ಕಂಪನಿ ನುಣುಚಿಕೊಳ್ಳುವಂತಿಲ್ಲ ಎಂದು ಹೇಳಿತು. ಆ ರಕ್ಷಣೆ ನಿನಗೆ ಡಿಸೆಂಬರ್ 9ರ ತನಕ ಇದೆ. ಅವಧಿ ಮುಗಿದ ಲೈಸೆನ್ಸಿನಲ್ಲಿ ಗಾಡಿ ಓಡಿಸುವಾಗ ರಸ್ತೆ ದಾಟುತ್ತಿದ್ದ ಒಬ್ಬ ಮುದುಕರಿಗೆ ಪೆಟ್ಟಾಯಿತು ಎಂದಿಟ್ಟುಕೋ. ಕಂಪನಿ ಅವರಿಗೆ ಮೊದಲು ಹಣ ಕೊಟ್ಟರೂ ಆಮೇಲೆ ಅದನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಲು ಬರಬಹುದು. ಬೈಕು ಇರುವುದು ಅಪ್ಪನ ಹೆಸರಿನಲ್ಲಿ. ಹಣದ ಮಾತು ಹಾಗಿರಲಿ, ಒಬ್ಬರಿಗೆ ನಮ್ಮಿಂದ ನೋವಾದಾಗ ನ್ಯಾಯವಾಗಿ ಅವರ ಎದುರು ನಿಲ್ಲುವ ಸ್ಥಿತಿಯಲ್ಲಿ ನಾವಿರಬೇಕು ಎಂಬುದು ನನ್ನ ಆಸೆ.

ನಿನ್ನ ಕೆಲಸದ ಸ್ವರೂಪವನ್ನು ನೋಡಿದರೂ ಇದು ಮುಂದೂಡುವ ವಿಷಯವಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಯಲ್ಲಾಪುರದವರೆಗೆ ನೀನು ಟಿಕೆಟ್ಟಿಗೆ ಹಣ ಕೊಡದೆ ಹೋಗುತ್ತೀಯೆ, ಅದು ದೊಡ್ಡ ಉಪಕಾರ. ಆದರೆ ನಿನ್ನ ಆರೋಗ್ಯ ಉಪಕೇಂದ್ರಕ್ಕೆ ಸೇರಿದ ಮಜಿರೆಗಳಿಗೆ ಬಸ್ಸೇ ಇಲ್ಲದಿರುವಾಗ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಬಾಣಂತಿಯ ಮನೆಗೆ, ಬಿಪಿ ನೋಡಬೇಕಾದ ವೃದ್ಧರ ಮನೆಗೆ ಹೋಗಲು ನಿನಗೆ ಗಾಡಿ ಬೇಕೇ ಬೇಕು. ಹೋಗುವಾಗ ಆಶಾ ಕಾರ್ಯಕರ್ತೆಯನ್ನು ಹಿಂದೆ ಕೂರಿಸಿಕೊಂಡು ಹೋಗುವ ಸಂದರ್ಭ ವಾರದಲ್ಲಿ ಹಲವು ಸಲ ಬರುತ್ತದೆ. ಎಲ್‌ಎಲ್‌ಆರ್ ಇರುವವರು ಕಲಿಸಿಕೊಡುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಆ ಹೆಂಗಸು ಎರಡು ಮಕ್ಕಳ ತಾಯಿ. ಅವರನ್ನು ಕೂರಿಸಿಕೊಳ್ಳುವ ಹಕ್ಕು ನಿನಗೆ ಡಿಎಲ್, ಅಂದರೆ ಪೂರ್ಣ ಲೈಸೆನ್ಸ್, ಬಂದ ಮೇಲೆಯೇ ಹುಟ್ಟುತ್ತದೆ.

ಇನ್ನೊಂದು ಮಾತು. ಪರೀಕ್ಷೆ ಸುಲಭವಾಗಲಿ ಎಂದು ನನ್ನ ಸ್ಕೂಟಿಯಲ್ಲಿಯೇ ಪರೀಕ್ಷೆ ಕೊಟ್ಟುಬಿಡಲೇ ಎಂದು ಕೇಳಿದ್ದೆಯಲ್ಲ, ಅದು ಬೇಡ. ಗೇರ್ ಇಲ್ಲದ ಗಾಡಿಯಲ್ಲಿ ಪಾಸಾದವರಿಗೆ ಗೇರ್ ಇಲ್ಲದ ಗಾಡಿಯ ಲೈಸೆನ್ಸೇ ಸಿಗುತ್ತದೆ. ನನ್ನದು ಅಂಥದೇ. ಸ್ಕೂಟಿ ಕೆಟ್ಟು ಗ್ಯಾರೇಜಿನಲ್ಲಿದ್ದ ದಿನ ಅಂಗಳದಲ್ಲಿ ಅಪ್ಪನ ಬೈಕು ನಿಂತಿದ್ದರೂ ನಾನು ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗುತ್ತೇನೆ. ಗೇರ್ ಇರುವ ಬೈಕಿನಲ್ಲಿ ಪಾಸಾದರೆ ನೀನು ಎರಡನ್ನೂ ಓಡಿಸಬಹುದು. ಅದಕ್ಕಿಂತ ಹೆಚ್ಚಾಗಿ, ನೀನು ಇರುವುದು ಅರಬೈಲ್ ಘಟ್ಟದ ಸೀಮೆಯಲ್ಲಿ. ಉದ್ದದ ಇಳಿಜಾರಿನಲ್ಲಿ ಬರೀ ಬ್ರೇಕನ್ನೇ ನೆಚ್ಚಿ ಇಳಿದರೆ ಹಿಂದಿನ ಡ್ರಮ್ ಬಿಸಿಯಾಗಿ ಹಿಡಿತ ಸಡಿಲವಾಗುತ್ತದೆ. ಎರಡನೆಯ ಗೇರಿಗೋ ಮೂರನೆಯದಕ್ಕೋ ಇಳಿಸಿ, ಆಕ್ಸಿಲರೇಟರ್ ಬಿಟ್ಟು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡಿದಾಗ ಬ್ರೇಕಿನ ಮೇಲಿನ ಭಾರ ಎಷ್ಟೋ ಕಡಿಮೆಯಾಗುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿಕೊಂಡು ಬರುವವರನ್ನು ದಿನವೂ ನೋಡುತ್ತೇವೆ. ನೀನು ಎಂದಿಗೂ ಹಾಗೆ ಮಾಡಬೇಡ.

ಈಗ ಎಂಟು ಹಾಕುವ, ಅಂದರೆ ಪರೀಕ್ಷೆಯಲ್ಲಿ ಕಾಲು ಇಡದೆ 8ರ ಆಕಾರದಲ್ಲಿ ಗಾಡಿ ಓಡಿಸುವ, ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀನು ಮುಂದೂಡುತ್ತಿರುವುದು ಅದರ ಭಯದಿಂದ ಎಂದು ನನಗೆ ಗೊತ್ತು. ಹಬ್ಬದ ಮರುದಿನ ಶಾಲೆಯ ಮೈದಾನದಲ್ಲಿ ಅಪ್ಪ ಸುಣ್ಣದಿಂದ ಗೆರೆ ಎಳೆದುಕೊಟ್ಟಾಗ ನಾನು ಕಟ್ಟೆಯ ಮೇಲೆ ಕುಳಿತು ನಿನ್ನನ್ನೇ ನೋಡುತ್ತಿದ್ದೆ. ಮೊದಲ ಸುತ್ತನ್ನು ನೀನು ಚೆನ್ನಾಗಿಯೇ ತಿರುಗಿಸುತ್ತೀಯೆ. ಎಂಟರ ನಡುವೆ, ಎಡಕ್ಕೆ ವಾಲಿದ್ದ ಗಾಡಿ ಬಲಕ್ಕೆ ವಾಲಬೇಕಾದ ಜಾಗದಲ್ಲಿ, ನಿನ್ನ ಕಣ್ಣು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಅಲ್ಲಿಯೇ ವೇಗ ಇಳಿಯುತ್ತದೆ, ಹ್ಯಾಂಡಲ್ ನಡುಗುತ್ತದೆ, ಎಡಗೈ ಗಾಬರಿಯಿಂದ ಕ್ಲಚ್ಚನ್ನು ಪೂರ್ತಿ ಹಿಡಿಯುತ್ತದೆ. ಕ್ಲಚ್ ಪೂರ್ತಿ ಹಿಡಿದ ಕ್ಷಣ ಎಂಜಿನ್ನಿನ ಬಲ ಚಕ್ರಕ್ಕೆ ತಲುಪುವುದು ನಿಲ್ಲುತ್ತದೆ, ಗಾಡಿ ಸತುವಿಲ್ಲದೆ ಪಕ್ಕಕ್ಕೆ ಕುಸಿಯತೊಡಗುತ್ತದೆ, ಆಗ ಕಾಲು ಇಡದೆ ಬೇರೆ ದಾರಿಯೇ ಇರುವುದಿಲ್ಲ.

ಇದಕ್ಕೆ ಪರಿಹಾರ ಹಾಫ್ ಕ್ಲಚ್. ಮೊದಲ ಗೇರಿನಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ತಿರುಗಿಸಿ ಒಂದೇ ಹದದಲ್ಲಿ ಹಿಡಿದುಕೋ. ಕ್ಲಚ್ಚನ್ನು ಬಿಡುತ್ತ ಬಂದಾಗ ಗಾಡಿ ಮುಂದಕ್ಕೆ ಎಳೆಯಲು ಶುರುಮಾಡುವ ಒಂದು ಬಿಂದು ಇರುತ್ತದೆ, ಅದು ಅಂಗೈಗೇ ಗೊತ್ತಾಗುತ್ತದೆ. ಇಡೀ ಎಂಟನ್ನು ಆ ಬಿಂದುವಿನ ಆಸುಪಾಸಿನಲ್ಲಿಯೇ ಮುಗಿಸಬೇಕು. ವೇಗ ಹೆಚ್ಚಾಯಿತು ಎನ್ನಿಸಿದರೆ ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಮುಟ್ಟಬೇಡ, ಮುಟ್ಟಿದರೆ ಗಾಡಿ ಬೀಳುವುದು ಹೆಚ್ಚುಕಡಿಮೆ ಖಂಡಿತ. ಕಣ್ಣು ಯಾವಾಗಲೂ ಮುಂದೆ ಹೋಗಬೇಕಾದ ಗೆರೆಯ ಮೇಲಿರಲಿ, ತಲೆಯನ್ನೂ ಆ ಕಡೆಗೇ ತಿರುಗಿಸು. ಮಂಡಿಗಳನ್ನು ಟ್ಯಾಂಕಿಗೆ ಒತ್ತಿ ಹಿಡಿದರೆ ತೋಳುಗಳ ಬಿಗಿ ತಾನಾಗಿಯೇ ಸಡಿಲವಾಗುತ್ತದೆ. ಕೊನೆಯಲ್ಲಿ ನಿಲ್ಲಿಸುವಾಗ ಎಡಗಾಲನ್ನು ಮಾತ್ರ ಇಳಿಸು, ಬಲಗಾಲು ಬ್ರೇಕಿನ ಮೇಲೆಯೇ ಇರಲಿ.

ನಮ್ಮ ಬೈಕು 2019ಕ್ಕಿಂತ ಹಿಂದಿನದು ಎಂಬುದನ್ನೂ ನೆನಪಿಟ್ಟುಕೋ. ಆ ವರ್ಷದ ಏಪ್ರಿಲ್‌ನಿಂದ ಮಾರಾಟವಾಗುವ ಸಣ್ಣ ಬೈಕುಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡು ಇರುತ್ತದೆ, 125 ಸಿಸಿಗಿಂತ ದೊಡ್ಡವುಗಳಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರುತ್ತದೆ. ನಮ್ಮದರಲ್ಲಿ ಎರಡೂ ಇಲ್ಲ. ಆದ್ದರಿಂದ ನೇರ ರಸ್ತೆಯಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕುಗಳನ್ನು ಕೂಡಿಸಿ ಹಿಡಿಯುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ಮುಂದೆ ನಿನ್ನದೇ ಗಾಡಿ ಕೊಳ್ಳುವಾಗ ಎಬಿಎಸ್ ಇರುವುದನ್ನೇ ಆರಿಸಿಕೋ ಎಂದು ಹೇಳುತ್ತೇನೆ, ಸ್ವಲ್ಪ ಹಣ ಹೆಚ್ಚಾದರೂ ಚಿಂತೆಯಿಲ್ಲ.

ಏಜೆಂಟರ ಮೂಲಕ ಹೋದರೆ ಎಂಟು ಹಾಕದೆಯೂ ಆಗುತ್ತದೆ ಎಂದು ನಿನ್ನ ಗೆಳತಿ ಹೇಳಿದಳಂತೆ. ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕೊಟ್ಟು ಕಲಿಯುವುದಾದರೆ ನನ್ನ ಪೂರ್ಣ ಒಪ್ಪಿಗೆ ಇದೆ, ಕಲಿಯದೆ ಕಾರ್ಡು ತರಿಸಿಕೊಳ್ಳುವುದಕ್ಕೆ ಒಪ್ಪಿಗೆ ಇಲ್ಲ. 30 ವರ್ಷದ ಒಳಗಿನವರಿಗೆ ಕೊಡುವ ಡಿಎಲ್ 40 ವರ್ಷ ತುಂಬುವ ತನಕ ನಡೆಯುತ್ತದೆ. ಅಷ್ಟು ಕಾಲದವರೆಗೆ ನಿನ್ನನ್ನು ಇನ್ನೊಮ್ಮೆ ಯಾರೂ ಪರೀಕ್ಷಿಸುವುದಿಲ್ಲ ಎಂದಮೇಲೆ, ಪರೀಕ್ಷಿಸುವ ಒಂದು ದಿನವಾದರೂ ಅದು ನಿಜವಾಗಿ ನಡೆಯಲಿ.

ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀನೇ ಆಸ್ಪತ್ರೆಯಲ್ಲಿ ನೋಡಿದ್ದೀಯೆ. ಐಎಸ್‌ಐ ಗುರುತು ಇರುವುದನ್ನು ಹಾಕಿಕೋ, ಗಲ್ಲದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೋ.

ಮಾಡಬೇಕಾದ ಕೆಲಸವನ್ನು ಈಗ ಹೇಳುತ್ತೇನೆ. ಈ ಪತ್ರ ತಲುಪಿದ ದಿನವೇ ಲೈಸೆನ್ಸ್ ಅರ್ಜಿಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ ಡಿಎಲ್ ಅರ್ಜಿ ತುಂಬು. ವಾಹನದ ವರ್ಗ ಗೇರ್ ಇರುವ ಮೋಟಾರ್ ಸೈಕಲ್ ಎಂದೇ ಇದೆಯೇ ಎಂದು ಎರಡು ಸಲ ನೋಡಿಕೊಂಡು, ಆಮೇಲೆ ಶುಲ್ಕ ಕಟ್ಟಿ, ಶಿರಸಿ ಆರ್‌ಟಿಒದಲ್ಲಿ ಸಿಗುವ ಮೊದಲ ಸ್ಲಾಟ್ ಹಿಡಿ. ಯಲ್ಲಾಪುರವೂ ಇದೇ ಕಚೇರಿಗೆ ಸೇರಿರುವುದರಿಂದ ಬೇರೆಡೆಗೆ ಅಲೆಯುವ ಪ್ರಶ್ನೆಯಿಲ್ಲ. ಪರೀಕ್ಷೆಯ ಹಿಂದಿನ ಶನಿವಾರವೇ ಮನೆಗೆ ಬಾ, ಎರಡು ದಿನ ಬೆಳಿಗ್ಗೆ ಮೈದಾನದಲ್ಲಿ ಅಭ್ಯಾಸ ಮಾಡು. ಗಾಡಿಯ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಎಮಿಷನ್ ಸರ್ಟಿಫಿಕೇಟ್ ಮುಗಿದಿತ್ತು, ಅಪ್ಪ ನಿನ್ನೆ ಹೊಸದನ್ನು ಮಾಡಿಸಿಕೊಂಡು ಬಂದರು. ಎಡಗಡೆಯ ಕನ್ನಡಿ ಸಡಿಲವಾಗಿದ್ದನ್ನು ಬಿಗಿ ಮಾಡಿಸಿದ್ದೇವೆ, ಹಿಂದಿನ ಇಂಡಿಕೇಟರ್ ಒಂದು ಹತ್ತುತ್ತಿಲ್ಲ, ಅದನ್ನು ಈ ವಾರದಲ್ಲಿ ಸರಿಮಾಡಿಸುತ್ತಾರೆ. ಬಿಳಿಯ ಮೇಲೆ ಕೆಂಪು ಅಕ್ಷರದ ಎಲ್ ಬೋರ್ಡನ್ನು ಮುಂದೆಯೂ ಹಿಂದೆಯೂ ಹಾಗೆಯೇ ಬಿಟ್ಟಿದ್ದೇವೆ, ಡಿಎಲ್ ಕೈಗೆ ಬರುವ ತನಕ ಅದನ್ನು ತೆಗೆಯಬಾರದು.

ಮೊದಲ ಸಲ ಪಾಸಾಗದಿದ್ದರೆ ಬೇಸರ ಮಾಡಿಕೊಳ್ಳಬೇಡ, ಅದಕ್ಕಾಗಿಯೇ ಬೇಗ ಹೋಗು ಎನ್ನುತ್ತಿರುವುದು. ಸ್ಲಾಟ್ ಯಾವ ತಾರೀಖಿಗೆ ಸಿಕ್ಕಿತೆಂದು ಕೂಡಲೇ ತಿಳಿಸು, ಅಪ್ಪ ಆ ದಿನಕ್ಕೆ ರಜೆ ಹಾಕಬೇಕು.

ಇಂತಿ ನಿನ್ನ
ಆಯಿ